ಬರಿಗೈಲಿ ಹೋಗಿ ನಿಂತು ನೋಡು

ತಮ್ಮಾ, ಮೊನ್ನೆ ಭಾನುವಾರ ಲಿಫ್ಟಿನಲ್ಲಿ ನಿನ್ನ ಸರಂಜಾಮು ನೋಡಿದೆ. ಇಪ್ಪತ್ತು ಗ್ರೋ ಬ್ಯಾಗು, ಆರು ಕೊಕೊಪೀಟ್ ಇಟ್ಟಿಗೆ, ಕೆಂಪು ಹಿಡಿಯ ಕತ್ತರಿ, ಕೈಗವಸು, ಮಣ್ಣಿನ ತೇವ ಅಳೆಯುವ ಮೀಟರು. ಎಲ್ಲಕ್ಕೂ ಮೇಲೆ ಬ್ರೊಕೊಲಿ, ಸ್ಟ್ರಾಬೆರಿ, ಹಳದಿ ಕ್ಯಾಪ್ಸಿಕಂ ಬೀಜದ ಪೊಟ್ಟಣ. ಮೇ ತಿಂಗಳ ಕೊನೆಯ ವಾರ, ಹೊರಗೆ 42 ಡಿಗ್ರಿ, ನಿನ್ನ ಕೈಯಲ್ಲಿ ಬ್ರೊಕೊಲಿ ಬೀಜ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ನೀನು ತೊಟ್ಟಿಲು, ಸ್ಕೂಲ್ ಬ್ಯಾಗು ಎರಡನ್ನೂ ತಂದಿದ್ದೀಯ. ನಾಲ್ಕು ಜನರ ಎದುರು ಬೇಡ ಎಂದು ನಾಲಿಗೆ ಕಚ್ಚಿಕೊಂಡೆ. ಈಗ ಹೇಳುತ್ತೇನೆ, ಮುನಿಸಿಕೊಳ್ಳದೆ ಕೇಳು.

ನಿನ್ನ ಆಸೆ ನನಗೆ ಇಷ್ಟ. ಒಂದು ಕಟ್ಟು ಕೊತ್ತಂಬರಿಯನ್ನೂ ಹತ್ತು ನಿಮಿಷದಲ್ಲಿ ಬಾಗಿಲಿಗೆ ತರಿಸಿಕೊಳ್ಳುವ ಹೈದರಾಬಾದಿನ ಈ ಕೊಂಡಾಪುರದಲ್ಲಿ ನಿನಗೆ ಈ ವರ್ಷವೂ ಮಣ್ಣಿಗೆ ಕೈ ಹಾಕಬೇಕು ಅನ್ನಿಸಿತಲ್ಲ, ಅದಕ್ಕೇ ಇಷ್ಟು ಮಾತು ಖರ್ಚು ಮಾಡುತ್ತಿದ್ದೇನೆ. ಆದರೆ ಆ ಹತ್ತು ನಿಮಿಷದ ಚಾಳಿಯನ್ನೂ ಜೊತೆಗೇ ಟೆರೇಸಿಗೆ ಹತ್ತಿಸಿಕೊಂಡು ಹೊರಟಿದ್ದೀಯ. ತೊಡಕು ಇರುವುದು ಅಲ್ಲೇ. ಮೆಂತ್ಯ ಮೂರ್ನಾಲ್ಕು ದಿನಕ್ಕೆ ಮೊಳೆಯುತ್ತದೆ, ಕೊತ್ತಂಬರಿಗೆ ಹತ್ತು ದಿನ ಬೇಕು. ನೀನು ಐದನೇ ದಿನ ಬೆರಳು ಹಾಕಿ ಕೆದಕಿ ನೋಡುತ್ತೀಯ. ಅದು ಬರುವುದೇ ಇಲ್ಲ. ಬೀಜ ಕೊಟ್ಟವನನ್ನು ಬೈಯುತ್ತೀಯ.

ನಾನು ಹುಟ್ಟಿದಾಗ ನಮ್ಮ ರಾಯಚೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. 1956ರ ನವೆಂಬರಿನಲ್ಲಿ ನಡುವೆ ಗೆರೆ ಎಳೆದರು. ಪುಂಡಿ ಸೊಪ್ಪಿಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಅಲ್ಲಿ ಪುಂಡಿ, ಇಲ್ಲಿ ಗೋಂಗೂರ, ಹುಳಿ ಅದೇ. ಹಾಗಾಗಿ ಮಗನ ಹಿಂದೆ ಇಲ್ಲಿಗೆ ಬಂದಾಗ ನನಗೆ ಊರು ಹೊಸದಾದರೂ ಮಣ್ಣು ಹೊಸದಾಗಲಿಲ್ಲ. ನಮ್ಮ ಅವ್ವನಿಗೂ ಒಂದು ಹಿತ್ತಲಿತ್ತು. ಅದನ್ನು ತೋಟ ಎಂದು ಯಾರೂ ಕರೆಯಲಿಲ್ಲ. ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ, ಬೇಲಿಗೆ ಹೀರೆ, ದನದ ಚಪ್ಪರದ ಮೇಲೆ ಕುಂಬಳ, ಕಾಲಿಟ್ಟಲ್ಲಿ ರಾಜಗಿರಿ. ಅವ್ವ ಬೆಳಿಗ್ಗೆ ಎದ್ದು ಬರಿಗೈಲಿ ಹಿತ್ತಲಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಕೈಯಲ್ಲಿ ಕೊಡವಿಲ್ಲ, ಕುಡುಗೋಲಿಲ್ಲ. ಏನು ನೋಡುತ್ತಿ ಎಂದರೆ, ಏನಿಲ್ಲ, ಎಲ್ಲರೂ ಇದ್ದಾರಾ ನೋಡಿದೆ ಅನ್ನುವಳು. ಅವಳ ಬೇಸಾಯವೆಲ್ಲ ಆ ನೋಟದಲ್ಲೇ ಇತ್ತು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಅರವತ್ತು ದಾಟಿತ್ತು. ನಿನಗೆ ಮೂವತ್ತರೊಳಗೇ ಹೇಳುತ್ತಿದ್ದೇನೆ, ಲಾಭ ನಿನ್ನದು.

1965ರಲ್ಲಿ ಯುದ್ಧ, ಧಾನ್ಯದ ಕೊರತೆ. ಪ್ರಧಾನಿ ಶಾಸ್ತ್ರೀಜಿ ಸೋಮವಾರ ರಾತ್ರಿ ಒಪ್ಪತ್ತು ಬಿಡಿ ಎಂದರು, ತಮ್ಮ ಮನೆಯ ಹುಲ್ಲುಹಾಸನ್ನೇ ಅಗೆಸಿ ಬಿತ್ತಿಸಿದರು. ನಮ್ಮ ಮಾಸ್ತರರಿಗೂ ಹುರುಪು ಬಂತು. ಶಾಲೆಯ ಅಂಗಳ ಅಗೆಸಿ ಮೆಂತ್ಯ ಹಾಕಿಸಿದರು. ಹದಿನೈದನೇ ದಿನ ಅಂಗಳ ಹಸಿರಾಯಿತು, ಹದಿನಾರನೇ ದಿನ ಯಾರದೋ ಆಡು ಬಂತು. ಬೇಲಿ ಮೊದಲು, ಬೀಜ ಆಮೇಲೆ ಎನ್ನುವುದನ್ನು ಮಾಸ್ತರರಿಂದಲ್ಲ, ಆ ಆಡಿನಿಂದ ಕಲಿತೆ. ಹದಿನಾಲ್ಕನೇ ಅಂತಸ್ತಿನಲ್ಲಿ ನಿನಗೆ ಆಡಿನ ಭಯವಿಲ್ಲ. ಪಾರಿವಾಳ ಇದೆ. ಎಳೆ ಮೊಳಕೆಯನ್ನು ಸಾಲಾಗಿ ಕಿತ್ತಿಟ್ಟು ಹೋಗುತ್ತದೆ, ತಿನ್ನುವುದೂ ಇಲ್ಲ. ಹಳೆಯ ಸೊಳ್ಳೆಪರದೆ ಇದ್ದರೆ ಎತ್ತಿಡು. ಇಲ್ಲದಿದ್ದರೆ ನನ್ನ ಹತ್ತಿರ ಇದೆ.

ಈಗ ರೋಹಿಣಿ ಕಾರ್ತೆ. ಈ ಕಾರ್ತೆಯಲ್ಲಿ ಒರಳು ಕಲ್ಲೂ ಬಿರಿಯುತ್ತದೆ ಎಂದು ಇಲ್ಲಿಯ ತೆಲುಗಿನವರು ಹೇಳುತ್ತಾರೆ. ಕಲ್ಲೇ ಬಿರಿಯುವಾಗ ನಿನ್ನ ಸಸಿ ಏನು ಮಾಡೀತು? ಮೃಗಶಿರ ಬರಲಿ. ಅಲ್ಲಿಯವರೆಗೆ ಏನೂ ಬಿತ್ತಬೇಡ. ಕೈ ಕಟ್ಟಿ ಕೂರು ಅನ್ನುತ್ತಿಲ್ಲ. ನಿನಗೆ ಕೆಲಸ ಕೊಡುತ್ತೇನೆ. ದಿನಕ್ಕೆ ಮೂರು ಸಲ, ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ, ಬಾಲ್ಕನಿಯಲ್ಲಿ ನಿಂತು ಬಿಸಿಲು ಎಲ್ಲಿ ಬಿದ್ದಿದೆ ನೋಡು. ಸೀಮೆಸುಣ್ಣದಲ್ಲಿ ಗೆರೆ ಎಳೆ. ಮನೆಯಿಂದ ಕೆಲಸ ಮಾಡುವ ದಿನ ನಿನಗೆ ಇದು ಕಷ್ಟವಲ್ಲ. ಚಹಾಕ್ಕೆ ಏಳುತ್ತೀಯಲ್ಲ, ಆಗಲೇ ಆಯಿತು.

ಯಾಕೆ ಈ ಕೆಲಸ ಅಂದರೆ, ನಿನ್ನ ಬಾಲ್ಕನಿ ಉತ್ತರಕ್ಕಿದೆ. ಈಗ ಅಲ್ಲಿ ಬಿಸಿಲು ಕಾಣುತ್ತಿದೆ, ನೀನು ಹಿಗ್ಗಿದ್ದೀಯ. ಸೂರ್ಯ ಈ ಮೇ ಎರಡನೇ ವಾರದಲ್ಲಿ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ, ಅದಕ್ಕೇ ಕಾಣುತ್ತಿದೆ. ಆಗಸ್ಟ್ ಶುರುವಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಹೊರಡುತ್ತಾನೆ. ಸೆಪ್ಟೆಂಬರ್ ಮುಗಿಯಿತು ಅಂದರೆ ಆರು ತಿಂಗಳು ನಿನ್ನ ಬಾಲ್ಕನಿಗೆ ಒಂದು ಎಳೆ ಬಿಸಿಲೂ ಬೀಳದು. ಟೊಮೆಟೊ, ಬದನೆ, ಮೆಣಸು ಹಾಕುವ ಹಂಗಾಮೇ ಅದು. ಅವಕ್ಕೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಇಲ್ಲಿಗೆ ಬಂದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿ, ಒಂದು ಚಳಿಗಾಲವಿಡೀ ಎಂಟು ಬದನೆ ಗಿಡ ಸಾಕಿದೆ. ಎಲೆ ಅಂಗೈ ಅಗಲ. ಕಾಯಿ ಒಂದೂ ಇಲ್ಲ. ಎಣ್ಣೆಗಾಯಿ ಮಾಡುತ್ತೇನೆ ಎಂದು ಸೊಸೆಗೆ ಬೇರೆ ಹೇಳಿಬಿಟ್ಟಿದ್ದೆ. ಸೊಪ್ಪಾದರೆ ಮೂರು-ನಾಲ್ಕು ತಾಸು ಬಿಸಿಲಿಗೂ ಬಾಳಿಕೊಳ್ಳುತ್ತದೆ. ಉಳಿದದ್ದಕ್ಕೆ ಟೆರೇಸೇ ಗತಿ.

ಟೆರೇಸ್ ಅಂದೆನಲ್ಲ, ಮೊದಲು ಅಸೋಸಿಯೇಷನ್ನಿನವರ ಒಪ್ಪಿಗೆ ಪಡೆ. ಕಾಗದದಲ್ಲಿ. ಅವರು ಜಗಳಗಂಟರು ಅನ್ನಬೇಡ. ಲೆಕ್ಕ ಹಾಕಿ ನೋಡು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಬ್ಯಾಗಿಗೆ ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ 40 ಕಿಲೋ ಮೀರುತ್ತದೆ. ಇಪ್ಪತ್ತು ಬ್ಯಾಗಿಗೆ ಎಂಟು ಕ್ವಿಂಟಲ್. ಅದನ್ನೆಲ್ಲ ಸ್ಲ್ಯಾಬಿನ ನಟ್ಟನಡುವೆ ಪೇರಿಸಿದರೆ ಕೆಳಗಿನ ಮನೆಯವರು ಸುಮ್ಮನಿರುತ್ತಾರಾ? ಗೋಡೆಯ ಬದಿಗೆ, ಕೆಳಗೆ ತೊಲೆ ಇರುವ ಕಡೆ ಸಾಲಾಗಿ ಇಡು. ಬ್ಯಾಗಿನ ಕೆಳಗೆ ಎರಡು ಇಟ್ಟಿಗೆ ಇಟ್ಟು ನೀರು ಹರಿಯಲು ದಾರಿ ಬಿಡು. ಮಣ್ಣನ್ನೂ ಹಗುರ ಮಾಡು: ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಕೊಕೊಪೀಟು, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ಆ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಸಲ ನೀರು ಬಸಿದು ಚೆಲ್ಲು, ಉಪ್ಪು ಹೋಗಬೇಕು. ಪಕ್ಕದ ಕಟ್ಟಡದ ಪಾಯ ತೋಡಿದ ಗುಡ್ಡೆಯಿಂದ ಪುಕ್ಕಟೆ ಮಣ್ಣು ಸಿಗುತ್ತದೆ ಎಂದು ವಾಚ್‌ಮನ್ ಹೇಳುತ್ತಾನೆ, ತರಬೇಡ. ಅದು ಗರಸು. ಅರ್ಧ ಸಿಮೆಂಟು.

ಗೊಬ್ಬರ ಕೊಳ್ಳುವುದನ್ನೂ ಆಮೇಲೆ ನಿಲ್ಲಿಸಬಹುದು. ಕೆಳಗೆ ಹೊಂಗೆ ಮರದ ಎಲೆಯನ್ನು ಗುಡಿಸುವವರು ಚೀಲ ಕಟ್ಟಿ ಕಸದ ಗಾಡಿಗೆ ಹಾಕುತ್ತಾರೆ, ನೋಡಿದ್ದೀಯಾ? ಒಂದು ಚೀಲ ಕೇಳಿ ತಾ. ತೂತು ಕೊರೆದ ಡ್ರಮ್ಮಿನಲ್ಲಿ ಎರಡು ಪಾಲು ಒಣ ಎಲೆ, ಒಂದು ಪಾಲು ತರಕಾರಿ ಸಿಪ್ಪೆ, ಹುಳಿ ಮಜ್ಜಿಗೆ ಒಂದು ಲೋಟ. ಎರಡು ತಿಂಗಳಿಗೆ ಗೊಬ್ಬರ. ನಾತ ಬಂದರೆ ಎಲೆ ಕಡಿಮೆಯಾಯಿತು, ಇನ್ನಷ್ಟು ಹಾಕು. ಹುಳು ಕಂಡರೆ ಕಿರುಚಬೇಡ, ಅವು ನಿನ್ನ ಕೂಲಿಯಾಳುಗಳು.

ಇನ್ನು ಮುಖ್ಯ ಮಾತಿಗೆ ಬರೋಣ. ನೀನು ಲಿಫ್ಟಿನಲ್ಲಿ ಅಂದೆ: ಇನ್ನು ಮೇಲೆ ತರಕಾರಿ ಕೊಳ್ಳುವುದಿಲ್ಲ ಅಜ್ಜಿ, ಎಲ್ಲ ನಮ್ಮದೇ. ನಗು ಬಂತು, ತಡೆದೆ. ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಬೇಕು ಎಂದು ಇದೇ ಊರಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೇಳುತ್ತಾರೆ. ನೀವು ಗಂಡ ಹೆಂಡತಿ ಇಬ್ಬರಿಗೆ ತಿಂಗಳಿಗೆ 24 ಕಿಲೋ. ಇಪ್ಪತ್ತು ಬ್ಯಾಗಿನಿಂದ ಅದು ಬಾರದು, ಬರುತ್ತದೆ ಎಂದು ವಿಡಿಯೊ ಮಾಡುವವರು ಕೊಯ್ಲಿನ ದಿನ ಮಾತ್ರ ಕ್ಯಾಮೆರಾ ತೆಗೆಯುತ್ತಾರೆ. ಈರುಳ್ಳಿ, ಆಲೂಗಡ್ಡೆ, ಎಲೆಕೋಸನ್ನು ಕೂಕಟ್‌ಪಲ್ಲಿಯ ರೈತು ಬಜಾರಿನಿಂದಲೇ ತಾ. ರೈತರೇ ನೇರ ಮಾರಲಿ ಎಂದು 1999ರಲ್ಲಿ ತೆರೆದ ಬಜಾರುಗಳು ಅವು. ಬೆಳಿಗ್ಗೆ ಬೇಗ ಹೋದರೆ ತರಕಾರಿ ಬೆಳೆದ ಹೆಣ್ಣುಮಕ್ಕಳೇ ಕೂತಿರುತ್ತಾರೆ. ಒಂದು ಕಿಲೋ ಬೆಂಡೆ ಕೊಂಡು ಎರಡು ಪ್ರಶ್ನೆ ಕೇಳು. ನಿನ್ನ ಫೋನಿಗಿಂತ ಅವರಿಗೆ ಹೆಚ್ಚು ಗೊತ್ತು.

ನೀನು ಬೆಳೆಯಬೇಕಾದದ್ದು ಅಂಗಡಿಯಲ್ಲಿ ಬಾಡುವುದನ್ನು. ಕೊಯ್ದ ಗಳಿಗೆಯಲ್ಲೇ ಒಗ್ಗರಣೆಗೆ ಬೀಳಬೇಕಾದದ್ದನ್ನು. ಪುಂಡಿ, ರಾಜಗಿರಿ, ಮೆಂತ್ಯ, ಬಸಳೆ, ನಾಲ್ಕು ಮೆಣಸಿನ ಗಿಡ, ಒಂದು ಕರಿಬೇವು, ಒಂದು ಪುದೀನ. ಪುದೀನಕ್ಕೆ ಬೀಜ ಹುಡುಕಬೇಡ. ಸಂತೆಯ ಕಟ್ಟಿನಿಂದ ಎಲೆ ಬಿಡಿಸಿ ದಂಟನ್ನು ನೀರಿನಲ್ಲಿ ಇಡು, ವಾರದಲ್ಲಿ ಬೇರು ಬಿಡುತ್ತದೆ. ಬಸಳೆ, ತೊಂಡೆ ಎರಡೂ ಬಳ್ಳಿಯ ತುಂಡಿನಿಂದ. ಕೊತ್ತಂಬರಿ ಕಾಳು ಒಂದರಲ್ಲಿ ಎರಡು ಬೀಜ ಇರುತ್ತವೆ, ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಸೀಳಿ ಬಿತ್ತು. ಅದನ್ನು ಮಾತ್ರ ಬಿಸಿಲು ತಗ್ಗಿದ ಮೇಲೆ, ದಸರಾ ಕಳೆದು. ನೀನು ತುಮಕೂರಿನ ಕಡೆಯವ, ಸೊಪ್ಪಿನ ಸಾರಿಲ್ಲದೆ ಮುದ್ದೆ ಇಳಿಯದವ. ಬಿತ್ತಿದ ತಿಂಗಳಿಗೇ ಸಾರಾಗುವ ಬೆಳೆ ಬಿಟ್ಟು ಸ್ಟ್ರಾಬೆರಿ ಯಾಕಪ್ಪಾ? ಬ್ರೊಕೊಲಿ ಪೊಟ್ಟಣವನ್ನು ನವೆಂಬರಿಗೆ ಎತ್ತಿಡು, ಚಳಿಯಲ್ಲಿ ನೋಡೋಣ.

ಟೊಮೆಟೊ ಬಗ್ಗೆ ಒಂದು ಕತೆ ಇದೆ. 2023ರ ಜುಲೈ, ಕಿಲೋ ನೂರು ರೂಪಾಯಿ ದಾಟಿತು. ನಮ್ಮ ಬ್ಲಾಕಿನ ಹುಡುಗರೆಲ್ಲ ನರ್ಸರಿಗೆ ಓಡಿದರು. ಹತ್ತು ಮನೆಯಲ್ಲಿ ನಲವತ್ತು ಸಸಿ. ಗಿಡ ತನ್ನ ಹದದಲ್ಲಿ ಬೆಳೆದು ಎರಡು ತಿಂಗಳ ಮೇಲೆ ಕಾಯಿ ಬಿಟ್ಟು ಹಣ್ಣಾಗುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ರೈತರು ರಸ್ತೆಗೆ ಸುರಿಯುತ್ತಿದ್ದರು. ಒಬ್ಬ ಲೆಕ್ಕ ಹಾಕಿ, ಕುಂಡ ಮಣ್ಣು ಸೇರಿ ತನ್ನ ಒಂದೊಂದು ಟೊಮೆಟೊ ಎಷ್ಟಕ್ಕೆ ಬಿತ್ತು ಎಂದು ಹೆಂಡತಿಗೆ ಹೇಳದೆ ನನಗೆ ಹೇಳಿದ. ನಾನೂ ಯಾರಿಗೂ ಹೇಳಿಲ್ಲ. ಬೇಸಿಗೆಯಲ್ಲಂತೂ ಹಾಕಲೇಬೇಡ, 35 ಡಿಗ್ರಿ ಮೇಲೆ ಹೋದರೆ ಹೂವು ಉದುರಿಹೋಗುತ್ತದೆ. ಕಾಯಿಯ ಬುಡ ಕಪ್ಪಾದರೆ ಮೊಟ್ಟೆ ಸಿಪ್ಪೆ ಹುಡುಕಿಕೊಂಡು ಓಡಬೇಡ. ಮೂರು ದಿನ ಮರೆತು ನಾಲ್ಕನೇ ದಿನ ಬಕೆಟ್ ಸುರಿಯುತ್ತೀಯಲ್ಲ, ಬಹುಪಾಲು ಅದರ ಫಲ.

ನೀರಿನದು ದೊಡ್ಡ ಅಧ್ಯಾಯ. 1908ರಲ್ಲಿ ಮೂಸಿ ನದಿ ಊರನ್ನೇ ಕೊಚ್ಚಿದ ಮೇಲೆ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು, ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಎಂದು ದಾರಿ ತೋರಿಸಿದರು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಅಷ್ಟು ದೊಡ್ಡವರು ನೀರನ್ನು ಹಿಡಿದಿಡಲು ಹೇಳಿ ಹೋದ ಊರಿನಲ್ಲಿ ನೀನು ಟ್ಯಾಂಕರ್ ನೀರನ್ನು ಪೈಪು ಹಿಡಿದು ಬಿಡುತ್ತೀಯ! ಬೇಳೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು, ಮೂರನ್ನೂ ಬಕೆಟಿಗೆ ಹಿಡಿ. ಆರೋ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡ. ಉಳಿತಾಯ ಅನ್ನಿಸುತ್ತದೆ, ಆದರೆ ಬೋರಿನ ಉಪ್ಪೆಲ್ಲ ಅದರಲ್ಲೇ ಒಟ್ಟಾಗಿರುತ್ತದೆ. ನಾನು ಒಂದು ಬೇಸಿಗೆ ಜಾಣತನ ಮಾಡಿ ಹಾಕಿದೆ. ಕುಂಡದ ಅಂಚಿಗೆಲ್ಲ ಬಿಳಿ ಹೊಪ್ಪಳೆ, ಕರಿಬೇವಿನ ಎಲೆಯ ತುದಿ ಸುಟ್ಟ ಹಪ್ಪಳ. ನೆಲ ಒರೆಸಲು ಇಟ್ಟುಕೊ.

ಹೋದ ವರ್ಷ ನೀನು ಹನಿ ನೀರಾವರಿಗೆ ಟೈಮರ್ ಹಚ್ಚಿ ಊರಿಗೆ ಹೋದದ್ದು ಮರೆತಿಲ್ಲ ತಾನೇ? ಆಷಾಢದ ಮಳೆ ವಾರ ಹಿಡಿಯಿತು. ಮೇಲಿಂದ ಮಳೆ, ಬುಡದಿಂದ ನಿನ್ನ ಟೈಮರು, ಹೇಳಿದ ಹೊತ್ತಿಗೆ ಸರಿಯಾಗಿ ಹೊಯ್ಯುತ್ತಲೇ ಇತ್ತು. ಬಹಳ ಪ್ರಾಮಾಣಿಕ ಯಂತ್ರ. ನಾಲ್ಕು ಮೆಣಸಿನ ಗಿಡ ಬೇರು ಕೊಳೆತು ಕೂತವು. ನೀರಿಲ್ಲದೆ ಸತ್ತ ಕುಂಡದ ಗಿಡಕ್ಕಿಂತ ನೀರು ಕುಡಿದು ಸತ್ತದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸು. ತಣ್ಣಗಿದ್ದರೆ ಬೇಡ, ಒಣಗಿದ್ದರೆ ಹಾಕು. ಆ ಮೀಟರಿಗೆ ಕೊಟ್ಟ ದುಡ್ಡಿಗೆ ಒಂದು ಚೀಲ ಗೊಬ್ಬರ ಬರುತ್ತಿತ್ತು.

ಹುಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಾ ನೋಡುವವನಿಗೆ ಹಿಟ್ಟು ತಿಗಣೆ ಒಂದು ಎಲೆಯಲ್ಲಿ ಸಿಗುತ್ತದೆ, ಹೆಬ್ಬೆರಳಿನಿಂದ ಒರೆಸಿದರೆ ಮುಗಿಯಿತು. ಭಾನುವಾರ ಮಾತ್ರ ನೋಡುವವನಿಗೆ ಇಡೀ ಗಿಡದಲ್ಲಿ ಸಿಗುತ್ತದೆ. ಅವನು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಸಿಂಪಡಿಸುತ್ತಾ ಕೂರಬೇಕು. ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಮೇಲೆ ಸಸ್ಯಹೇನು ಇದೆ ಎಂದು ತಿಳಿ. ಬೆಂಡೆ ಎಲೆ ಹಳದಿ ಬಲೆಯಾದರೆ ಆ ಗಿಡವನ್ನು ಕಿತ್ತು ಬಿಸಾಡು, ಕನಿಕರ ಬೇಡ. ಬೀಜ ಕೊಳ್ಳುವಾಗಲೇ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಅನಾಮಿಕದಂಥ ಆ ರೋಗ ತಾಳುವ ತಳಿ ಕೇಳು. ಅದರ ಒಂದು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ವರ್ಷದ ಬೀಜವೂ ಆಯಿತು. ನಿನ್ನ ಬಣ್ಣದ ಪೊಟ್ಟಣದಲ್ಲಿರುವ ಹೈಬ್ರಿಡ್‌ನಲ್ಲಿ ಆ ಸುಖವಿಲ್ಲ. ಅದರ ಬೀಜ ಬಿತ್ತಿದರೆ ಅವ್ವನನ್ನೂ ಹೋಲದ, ಅಪ್ಪನನ್ನೂ ಹೋಲದ ಮಕ್ಕಳು ಬರುತ್ತವೆ. ಗುಲಾಬಿ ಬಣ್ಣ ಬಳಿದ ಬೀಜ ಮುಟ್ಟಿದರೆ ಕೈ ತೊಳೆ, ಅದು ಔಷಧಿ.

ಹೀರೆಯ ಗುಟ್ಟು ನಿನಗೆ ಯಾರೂ ಹೇಳಿರಲಾರರು. ಹೋದ ಸಲ ನಿನ್ನ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಬೆರಳುದ್ದಕ್ಕೆ ಹಳದಿಯಾಗಿ ಉದುರಿತು ಅಂತ ಪೇಚಾಡಿದೆಯಲ್ಲ. ಹೀರೆ ಹೂವು ಅರಳುವುದು ಸಂಜೆ. ನೀನು ಬೆಳಿಗ್ಗೆ ಹೋಗಿ ನೋಡಿ ಬಂದವ. ಅದು ಅರಳುವ ಹೊತ್ತಿಗೆ ನೀನು ಮೀಟಿಂಗಿನಲ್ಲಿ. ಹದಿನಾಲ್ಕನೇ ಅಂತಸ್ತಿಗೆ ದುಂಬಿ, ಪತಂಗ ಎಷ್ಟು ಬಂದಾವು? ನೀನೇ ದುಂಬಿಯಾಗಬೇಕು. ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಬರೀ ತೊಟ್ಟಿನದು ಗಂಡು. ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣಿನ ನಡುವಿಗೆ ಮೆಲ್ಲಗೆ ಒರೆಸು. ಸೋರೆಗೂ ಸಂಜೆಯೇ. ಕುಂಬಳಕ್ಕೆ ಮಾತ್ರ ಬೆಳಗಿನ ಹೊತ್ತು, ಬಿಸಿಲೇರುವುದರೊಳಗೆ. ನಿನ್ನ ಹೆಂಡತಿ ಇದನ್ನು ನೋಡಿ ನಕ್ಕರೆ ನಗಲಿ, ಪಲ್ಯ ಮಾಡುವಾಗ ನೀನು ನಗು.

ಕುಂಬಳ ಅಂದಾಗ ನೆನಪಾಯಿತು. ಬತುಕಮ್ಮ ಹಬ್ಬಕ್ಕೆ ಇಲ್ಲಿಯ ಹೆಣ್ಣುಮಕ್ಕಳಿಗೆ ಕುಂಬಳದ ಹೂವು ಬೇಕೇ ಬೇಕು. ಒಂದು ವರ್ಷ ನಮ್ಮ ಬ್ಲಾಕಿನ ಹುಡುಗಿಯರು ನನ್ನನ್ನು ಕೇಳಿಯೇ ಕಿತ್ತರು, ನಾನೂ ತಗೊಳ್ಳಿ ತಾಯಿ ಅಂದೆ. ಹೋಗಿ ನೋಡಿದರೆ ಅಂದವಾಗಿದೆ ಎಂದು ಕಾಯಿ ಹಿಡಿದ ಹೂವನ್ನೇ ಆರಿಸಿ ಕಿತ್ತಿದ್ದರು. ಆ ವರ್ಷ ನಮ್ಮ ಮನೆಯ ಕುಂಬಳವೆಲ್ಲ ಬತುಕಮ್ಮನಿಗೇ ಸಂದಿತು. ಮರುವರ್ಷದಿಂದ ಗಂಡು ಹೂವು ತೋರಿಸಿ ಕೊಡುತ್ತೇನೆ. ಈಗ ಅವರೇ ಟೆರೇಸಿಗೆ ಬಂದ ಹೊಸಬರಿಗೆ ಪಾಠ ಮಾಡುತ್ತಾರೆ, ನಾನು ಕುರ್ಚಿಯಲ್ಲಿ ಕೂತು ಕೇಳುತ್ತೇನೆ.

ಜೂನ್ 8ರ ಹೊತ್ತಿಗೆ ಮೃಗಶಿರ ಕೂಡುತ್ತದೆ. ಊರೆಲ್ಲ ಉಬ್ಬಸಕ್ಕೆಂದು ಕೊಡುವ ಮೀನಿನ ಪ್ರಸಾದಕ್ಕೆ ನಾಂಪಲ್ಲಿಯ ಕಡೆ ಓಡುವ ದಿನ. ನೀನು ನಮ್ಮ ಮನೆಗೆ ಬಾ. ಬಟ್ಟೆಯ ಗಂಟಿನಲ್ಲಿ ಬೂದಿ ಬೆರೆಸಿ ಇಟ್ಟ ಬೀಜ ಇದೆ: ಪುಂಡಿ, ರಾಜಗಿರಿ, ಹೀರೆ, ಮತ್ತೆ ಚವಳಿಕಾಯಿ. ನೀನು ಅದನ್ನು ಗೋರಿಕಾಯಿ ಅನ್ನುತ್ತೀಯ, ಇಲ್ಲಿಯವರು ಗೋರುಚಿಕ್ಕುಡು ಅನ್ನುತ್ತಾರೆ. ಯಾರು ಏನಂದರೂ ಅದು ಬಿಸಿಲು ಮಳೆ ಎರಡಕ್ಕೂ ಜಗ್ಗದೆ ಬರುತ್ತದೆ. ಈ ವರ್ಷ ಆರು ಬ್ಯಾಗು ಸಾಕು. ಉಳಿದ ಹದಿನಾಲ್ಕನ್ನು ಮಡಚಿ ಮಂಚದ ಕೆಳಗೆ ಇಡು. ಬಾಲ್ಕನಿಯಲ್ಲಿ ಎಳೆದ ಸೀಮೆಸುಣ್ಣದ ಗೆರೆಯ ಫೋಟೊ ತೆಗೆದುಕೊಂಡು ಬಾ, ಆ ಫೋಟೊ ಮಾತ್ರ ನಾನು ನೋಡುತ್ತೇನೆ. ಮತ್ತೆ ಸಂಕ್ರಾಂತಿಗೆ ಶೇಂಗಾ ಹೋಳಿಗೆ ಹಾಕಿ ಕೊಟ್ಟ ನಮ್ಮ ಸ್ಟೀಲ್ ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದೆ. ಅದನ್ನೂ ತಾ, ಬೀಜ ಅದರಲ್ಲೇ ಹಾಕಿಕೊಡುತ್ತೇನೆ.